ಹಳ್ಳಿ ರಸ್ತೆಯಲ್ಲಿ ಒಂದು ದಿನದ ಡ್ರೈವ್: ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಬೇಕು?

ಭಾನುವಾರದ ಡ್ರೈವರ್:
ಹೋದ ಭಾನುವಾರ ನಾನು, ಹೆಂಡತಿ, ಎಂಟು ವರ್ಷದ ಮಗಳು, ಮೂರು ಜನ ಕಾರು ತೆಗೆದುಕೊಂಡು ಹೊರಟೆವು. ಹೈವೇ ಮುಟ್ಟೋದೇ ಬೇಡ, ಬರೀ ಹಳ್ಳಿ ರಸ್ತೆಗಳಲ್ಲೇ ಸುತ್ತಿಕೊಂಡು ಸಂಜೆಗೆ ಮನೆ ಸೇರೋಣ ಅಂತ ಆಸೆ. ಹಿಂದಿನ ರಾತ್ರಿ ಮ್ಯಾಪಿನಲ್ಲಿ ಒಂದು ಸುತ್ತು ಎಳೆದೆ. 310 ಕಿಲೋಮೀಟರ್, ಏಳೂವರೆ ಗಂಟೆ ಅಂತ ತೋರಿಸಿತು. ಬೆಳಿಗ್ಗೆ 8ಕ್ಕೆ ಹೊರಟು ಮಧ್ಯೆ ಎರಡು ಗಂಟೆ ಅಲ್ಲಿ ಇಲ್ಲಿ ನಿಂತರೂ 6ರ ಒಳಗೆ ಮನೆ. ಲೆಕ್ಕ ಸರಿಯಾಗಿಯೇ ಇತ್ತು ಅಲ್ವಾ?

ಮನೆ ಸೇರಿದ್ದು ರಾತ್ರಿ 10ಕ್ಕೆ. ಮಧ್ಯಾಹ್ನದ ಹೊತ್ತಿಗೇ ಒಂದೂವರೆ ಗಂಟೆ ಹಿಂದೆ ಬಿದ್ದಿದ್ದೆ. ಅಲ್ಲಿಂದ ಮುಂದೆ ನಾನು ನೋಡಿದ್ದು ಗಡಿಯಾರ ಮಾತ್ರ. ಒಂದು ಕೆರೆ ಏರಿಯ ಮೇಲೆ ಹೋಗುತ್ತಿದ್ದಾಗ ಹೆಂಡತಿ "ನಿಲ್ಸಿ ನಿಲ್ಸಿ" ಅಂದಳು. ನೀರಿನ ತುಂಬ ಬಿಳಿ ಹಕ್ಕಿಗಳಂತೆ. "ಮುಂದೆ ಇನ್ನೂ ಚೆನ್ನಾಗಿರೋದು ಸಿಗುತ್ತೆ" ಅಂದು ಗಾಡಿ ಬಿಟ್ಟೆ. ಸಿಗಲಿಲ್ಲ. ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಕೊನೆಯ ಎರಡು ಗಂಟೆ ಕತ್ತಲೆಯಲ್ಲಿ, ಗೆರೆಯೂ ಇಲ್ಲದ ರಸ್ತೆಯಲ್ಲಿ, ಸ್ಟೇರಿಂಗ್ ಬಿಗಿಯಾಗಿ ಹಿಡಿದುಕೊಂಡು ಬಂದೆ. ಇಡೀ ದಿನಕ್ಕೆ ನಾಲ್ಕು ಫೋಟೋ, ಅದರಲ್ಲಿ ಒಂದು ನನ್ನ ಹೆಬ್ಬೆರಳು.

ಇನ್ನೊಂದು ಸಲ ಹೋಗಬೇಕು ಅಂತಿದೆ. ಮನೆಯವರು ಒಪ್ಪಬೇಕು, ಅದು ಬೇರೆ ಮಾತು. ಒಂದು ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳುತ್ತೀರಿ? ಒಳ್ಳೆ ರಸ್ತೆ ಹುಡುಕೋದು ಹೇಗೆ? ಯಾರ ಹತ್ತಿರವಾದರೂ ಚೆನ್ನಾಗಿರುವ ಜಾಗಗಳ ಲೊಕೇಶನ್ ಇದ್ದರೆ ಇಲ್ಲೇ ಹಾಕಿ.

ಹಳೇಗಾಡಿ:
ಮ್ಯಾಪ್ ಸುಳ್ಳು ಹೇಳಲಿಲ್ಲ ಸರ್. ಅದು ಹೇಳಿದ್ದು ಎಲ್ಲೂ ನಿಲ್ಲದೆ ಹೋಗುವವನ ಲೆಕ್ಕ. ನೀವು ಹೊರಟಿದ್ದೇ ನಿಲ್ಲೋಕೆ.

ನಾನು ಇಟ್ಟುಕೊಳ್ಳುವ ಲೆಕ್ಕ, ನಿಲ್ಲೋದೂ ಸೇರಿ ಗಂಟೆಗೆ 20ರಿಂದ 25 ಕಿಲೋಮೀಟರ್. ಒಬ್ಬನೇ ಇದ್ದರೆ 150. ಮಕ್ಕಳಿದ್ದರೆ 100, ಅದೂ ಜಾಸ್ತಿಯೇ. ಕೇಳಿದವರು ನಗುತ್ತಾರೆ. ನಗಲಿ. ಒಂದು ಸಲ ಗಾಡಿ ನಿಲ್ಲಿಸಿ, ಇಳಿದು, ನೋಡಿ, ಮತ್ತೆ ಹತ್ತಿ ಬೆಲ್ಟ್ ಹಾಕಿಕೊಳ್ಳೋಕೆ ಹದಿನೈದು ಇಪ್ಪತ್ತು ನಿಮಿಷ ಬೇಕೇ ಬೇಕು. ಆರು ಸಲ ನಿಂತರೆ ಎರಡು ಗಂಟೆ ಹೋಯಿತು. ಇದರಲ್ಲಿ ದಾರಿ ತಪ್ಪಿದ್ದು ಸೇರಿಲ್ಲ.

ಇನ್ನೊಂದು ವಿಷಯ ತುಂಬ ಜನಕ್ಕೆ ಹೊಳೆಯೋದಿಲ್ಲ. ದಿನವನ್ನು ತಿನ್ನುವುದು ಆ ಒಂದು ಕೆಟ್ಟ ತುಂಡು. ರಸ್ತೆ ಕಿತ್ತು ಹೋಗಿರುವ 10 ಕಿಲೋಮೀಟರ್ ಬಂತು ಅಂದುಕೊಳ್ಳಿ, ಗಂಟೆಗೆ 15ರ ಮೇಲೆ ಹೋಗೋಕಾಗಲ್ಲ. ಅಲ್ಲೇ 40 ನಿಮಿಷ. ಅದನ್ನು ಮುಂದೆ ಸರಿದೂಗಿಸುತ್ತೇನೆ ಅಂತ 50ರಲ್ಲಿ ಹೋಗಬೇಕಾದ 100 ಕಿಲೋಮೀಟರನ್ನು 60ರಲ್ಲಿ ಹೋದರೂ ಉಳಿಯುವುದು 20 ನಿಮಿಷ. ಸಾಲ ತೀರೋದೇ ಇಲ್ಲ. ಅದಕ್ಕೇ ತಡವಾದರೆ ಜೋರಾಗಿ ಓಡಿಸಬೇಡಿ, ಸುತ್ತನ್ನೇ ಚಿಕ್ಕದು ಮಾಡಿ. ನಾನು ಹೊರಡುವ ಮೊದಲೇ ಮ್ಯಾಪಿನಲ್ಲಿ ಎರಡು ಮೂರು ಕಡೆ "ಇಲ್ಲಿಂದ ಹೈವೇಗೆ ಇಷ್ಟು ದೂರ" ಅಂತ ನೋಡಿಟ್ಟುಕೊಳ್ಳುತ್ತೇನೆ. ಸಾಕು ಅನ್ನಿಸಿದಾಗ ಅಲ್ಲಿಂದ ಜಾರಿಕೊಳ್ಳೋದು. ಅದರಲ್ಲಿ ನಾಚಿಕೆ ಏನಿಲ್ಲ.

ಕೆರೆ ವಿಷಯ ಓದಿ ಬೇಜಾರಾಯಿತು.

ಗುಂಡಿಗಳ ಗೆಳೆಯ:
"ಮುಂದೆ ಇನ್ನೂ ಚೆನ್ನಾಗಿರೋದು ಸಿಗುತ್ತೆ." ಈ ಮಾತು ಹೇಳದ ಗಂಡ ಭೂಮಿ ಮೇಲಿಲ್ಲ.

ಕಿಟಕಿ ಸೀಟು:
ಮಗಳು ಹಿಂದಿನ ಸೀಟಿನಲ್ಲಿ ಕೂತು ಏನು ನೋಡುತ್ತಿದ್ದಳು ಸರ್?

ಭಾನುವಾರದ ಡ್ರೈವರ್:
ಟ್ಯಾಬ್. ಬೇಜಾರಾಗಬಾರದು ಅಂತ ನಾವೇ ಕೊಟ್ಟಿದ್ದು.

ಕಿಟಕಿ ಸೀಟು:
ಸರಿ ಹೋಯಿತು. ನಾನು ಚಿಕ್ಕವಳಿದ್ದಾಗಿನಿಂದ ಕಾರಿನಲ್ಲಿ ವಾಂತಿ ಮಾಡುವುದರಲ್ಲಿ ನಿಪುಣೆ, ನನ್ನ ಮಾತು ಕೇಳಿ. ಕಿವಿಯ ಒಳಗೆ ಸಮತೋಲ ನೋಡಿಕೊಳ್ಳುವ ಭಾಗ ಇದೆ. ಗಾಡಿ ತಿರುಗಿದಾಗ, ಕುಲುಕಿದಾಗ ಅದು "ನಾವು ಅಲ್ಲಾಡ್ತಿದ್ದೀವಿ" ಅನ್ನುತ್ತದೆ. ಕಣ್ಣು ಟ್ಯಾಬಿನ ಮೇಲಿದ್ದರೆ "ಏನೂ ಅಲ್ಲಾಡ್ತಿಲ್ಲ" ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆಗೆ ಏಟು. ಗಾಡಿ ಓಡಿಸುವವರಿಗೆ ವಾಂತಿ ಬರೋದು ಅಪರೂಪ, ಯಾಕೆ ಹೇಳಿ? ಅವರಿಗೆ ಮುಂದಿನ ತಿರುವು ಮೊದಲೇ ಗೊತ್ತಿರುತ್ತದೆ, ಮೈ ತಯಾರಾಗಿರುತ್ತದೆ.

ದೊಡ್ಡವರಾದರೆ ಮುಂದಿನ ಸೀಟು. ಮಕ್ಕಳನ್ನು ಮುಂದೆ ಕೂರಿಸಬೇಡಿ. ಹಿಂದೆಯೇ, ಬೆಲ್ಟ್ ಅಥವಾ ಚೈಲ್ಡ್ ಸೀಟ್ ಸರಿಯಾಗಿ ಹಾಕಿ, ಮುಂದಿನ ಗಾಜಿನ ಆಚೆ ರಸ್ತೆ ಕಾಣುವ ಹಾಗೆ ಕೂರಿಸಿ. ಪಕ್ಕದ ಕಿಟಕಿಯಿಂದ ಹತ್ತಿರದ ಬೇಲಿ ನೋಡಿದರೂ ತಲೆ ತಿರುಗುತ್ತದೆ, ದೂರದ ಗುಡ್ಡ ನೋಡಿದರೆ ಇಲ್ಲ. ಗಾಜು ಸ್ವಲ್ಪ ಇಳಿಸಿ. ಸುಮ್ನೆ ಕೂರಲ್ಲ ಅಂದರೆ ಏನಾದರೂ ಎಣಿಸೋಕೆ ಹೇಳಿ, ಒಂಟಿ ಮರ, ಬಾವಿ, ಏನಾದರೂ. ಕಣ್ಣು ತಾನಾಗಿ ದೂರ ಹೋಗುತ್ತದೆ.

ಓಡಿಸುವವರಿಗೂ ಒಂದು ಮಾತು. ತಿರುವಿನ ಒಳಗೆ ಹೋಗಿ ಬ್ರೇಕ್ ಹೊಡೆಯುತ್ತೀರಲ್ಲ, ಅದೇ ನಮ್ಮನ್ನು ಕೊಲ್ಲೋದು. ತಿರುವಿಗೆ ಮೊದಲೇ ಸ್ಪೀಡ್ ಇಳಿಸಿಕೊಂಡು ಒಂದೇ ಸಮ ಸಾಗಿದರೆ ನಿಮಗೂ ಒಳ್ಳೆಯದು, ಸೀಟ್ ಕವರಿಗೂ ಒಳ್ಳೆಯದು.

ನೆರಳುಬೆಳಕು:
ಫೋಟೋ ತೆಗೆಯುವವನ ಕಡೆಯಿಂದ ಒಂದು ಸೇರಿಸುತ್ತೇನೆ. ಸುತ್ತು ಎಳೆಯುವಾಗ ದಿಕ್ಕು ನೋಡಿ. ಬೆಳಿಗ್ಗೆ ಪಶ್ಚಿಮಕ್ಕೆ ಹೋಗಿ, ಸಂಜೆ ಪೂರ್ವಕ್ಕೆ ಬನ್ನಿ. ಎರಡು ಹೊತ್ತೂ ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ಹೊಲ, ಗುಡ್ಡ ಎಲ್ಲ ಬಣ್ಣ ತುಂಬಿಕೊಂಡು ಕಾಣುತ್ತವೆ. ಉಲ್ಟಾ ಹೋದರೆ ಎರಡು ಹೊತ್ತೂ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಮೇಲಿನ ಧೂಳೆಲ್ಲ ಹೊಳೆದು ಎದುರಿಗೆ ಬರುವ ಸೈಕಲ್ ಕಾಣುವುದಿಲ್ಲ. ಒಂದು ಒದ್ದೆ ಬಟ್ಟೆ ಜೊತೆಗಿರಲಿ, ಗಾಜನ್ನು ಒಳಗಡೆಯಿಂದಲೂ ಒರೆಸಿ. ಒಳಗಿನ ಮಬ್ಬು ಯಾರೂ ಒರೆಸೋದೇ ಇಲ್ಲ.

ಮಧ್ಯಾಹ್ನ 12ರಿಂದ 3 ಫೋಟೋಗೆ ದಂಡ. ಆ ಹೊತ್ತನ್ನು ಮರದ ನೆರಳಿಗೆ, ನಿದ್ದೆಗೆ ಕೊಡಿ. ಕತ್ತಲಾಗೋಕೆ ಎಷ್ಟು ಹೊತ್ತಿದೆ ಅಂತ ತಿಳಿಯೋಕೆ ಕೈ ನೀಟಾಗಿ ಮುಂದಕ್ಕೆ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ಸೂರ್ಯನಿಗೂ ದಿಗಂತಕ್ಕೂ ಮಧ್ಯೆ ಎಷ್ಟು ಬೆರಳು ಹಿಡಿಯುತ್ತದೆ ಅಂತ ಎಣಿಸಿ. ಒಂದು ಬೆರಳಿಗೆ 15 ನಿಮಿಷ.

ಅಳತೆಗೋಲು:
15 ನಿಮಿಷ ಅನ್ನೋದು ಎಲ್ಲ ಕಡೆ ಓದಿದ್ದೇನೆ, ಆದರೆ ಲೆಕ್ಕ ಕೂಡಲ್ಲ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಚಾಚಿದ ಕೈಯ ಒಂದು ಬೆರಳಿನ ಅಗಲ ಸುಮಾರು 2 ಡಿಗ್ರಿ. ಅಂದರೆ ನೇರ ಕೆಳಗೆ ಇಳಿದರೆ ಒಂದು ಬೆರಳಿಗೆ ಎಂಟೇ ನಿಮಿಷ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಸೂರ್ಯ ಓರೆಯಾಗಿ ಇಳಿಯುತ್ತಾನೆ, ಅಲ್ಲಿ ಹೊತ್ತು ಜಾಸ್ತಿ ಹಿಡಿಯುತ್ತದೆ. ಅಲ್ಲಿಯವರು ಕಂಡುಕೊಂಡ ಲೆಕ್ಕವನ್ನು ನಾಲ್ಕು ಬೆರಳು ಅಂದರೆ ಒಂದು ಗಂಟೆ ಅಂತ ಇಲ್ಲಿ ನಂಬಿ ಕೂತರೆ ಅರ್ಧ ಗಂಟೆಗೇ ಕತ್ತಲೆ. ನಮ್ಮ ಕಡೆ ಮುಳುಗಿದ ಮೇಲಿನ ಮುಸ್ಸಂಜೆಯೂ ಚಿಕ್ಕದು.

ನೆರಳುಬೆಳಕು:
ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇವತ್ತು ಸಂಜೆ ಮಹಡಿ ಮೇಲೆ ಕೈ ಚಾಚಿಕೊಂಡು ನಿಲ್ಲುತ್ತೇನೆ.

ನೆರಳುಬೆಳಕು:
ನಿಂತೆ. ಮೂರು ಬೆರಳು, 27 ನಿಮಿಷ. ನೀವು ಗೆದ್ದಿರಿ.

ದಾರಿ ತಪ್ಪಿದವ:
ರಸ್ತೆ ಹುಡುಕೋದು ಹೇಗೆ ಅಂತ ಕೇಳಿದ್ದೀರಿ. ಇದು ನನ್ನ ಹುಚ್ಚು, ಸ್ವಲ್ಪ ಉದ್ದ ಆಗುತ್ತದೆ.

ಮೊದಲನೆಯದು, ಎರಡು ದೊಡ್ಡ ಊರುಗಳನ್ನು ಸೇರಿಸುವ ಸಣ್ಣ ರಸ್ತೆ ಬೇಡ. ಮ್ಯಾಪಿನಲ್ಲಿ ತೆಳ್ಳಗೆ ಕಂಡರೂ ಲಾರಿಗಳೆಲ್ಲ ಅಡ್ಡದಾರಿ ಅಂತ ಅದರಲ್ಲೇ ಬರುತ್ತವೆ. ಚಿಕ್ಕ ಊರಿನಿಂದ ಚಿಕ್ಕ ಊರಿಗೆ ಹೋಗುವ, ಯಾವ ಅವಸರದವನಿಗೂ ಉಪಯೋಗಕ್ಕೆ ಬಾರದ ರಸ್ತೆ ಹುಡುಕಿ. ಹೊಸ ಹೈವೇ ಬಂದ ಮೇಲೆ ಪಕ್ಕದಲ್ಲಿ ಅನಾಥವಾಗಿ ಬಿದ್ದಿರುವ ಹಳೇ ರಸ್ತೆ ಇನ್ನೂ ಒಳ್ಳೆಯದು. ಡಾಂಬರು ಇರುತ್ತದೆ, ಸಾಲುಮರ ಇರುತ್ತದೆ, ಗಾಡಿ ಇರಲ್ಲ.

ಎರಡನೆಯದು, ಡೊಂಕು ನೋಡಿ. ಹಳೇ ರಸ್ತೆ ಸುಮ್ನೆ ಡೊಂಕಾಗಿರೋದಿಲ್ಲ. ಎತ್ತು, ಕುದುರೆ ಎಳೆಯುವ ಕಾಲದಲ್ಲಿ ಏರು ಹತ್ತೋದು ಕಷ್ಟ, ಅದಕ್ಕೇ ದಾರಿ ಗುಡ್ಡದ ಸೊಂಟ ಬಳಸಿಕೊಂಡು ಒಂದೇ ಎತ್ತರದಲ್ಲಿ ಹೋಗುತ್ತಿತ್ತು. ಹೊಳೆ ಕಿರಿದಾಗಿರುವ ಕಡೆ ದಾಟುತ್ತಿತ್ತು. ಒಬ್ಬರ ಹೊಲದ ಬದು ಮುಗಿಯೋ ತನಕ ನೇರ, ಆಮೇಲೆ ಥಟ್ ಅಂತ ತಿರುವು. ಮ್ಯಾಪಿನಲ್ಲಿ ಎತ್ತರದ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು, ಆನ್ ಮಾಡಿ ನೋಡಿ, ರಸ್ತೆ ಆ ಗೆರೆಯ ಜೊತೆಜೊತೆಗೇ ಹೋಗುತ್ತಿದ್ದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ ಕಾಣುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಗೆರೆಗಳನ್ನು ಕತ್ತರಿಸಿಕೊಂಡು ಹೋದರೆ ಬರೀ ಏರು ಇಳಿತ.

ಮೂರನೆಯದು ಮ್ಯಾಪನ್ನೇ ನಂಬಬೇಡಿ. ಒಂದು ಸಲ "ಕಡಿಮೆ ದೂರ" ಅಂತ ಆರಿಸಿದೆ. ಡಾಂಬರು ಹೋಗಿ ಜಲ್ಲಿ ಬಂತು, ಜಲ್ಲಿ ಹೋಗಿ ಮಣ್ಣು, ಮಣ್ಣಿನ ಮಧ್ಯೆ ಹುಲ್ಲು. ಹುಲ್ಲು ಗಾಡಿಯ ಹೊಟ್ಟೆಗೆ ಸರಸರ ಉಜ್ಜೋ ಸದ್ದು ಕೇಳಿದಾಗಲೇ ನಿಲ್ಲಿಸಬೇಕಿತ್ತು. ಇನ್ನೂರು ಮೀಟರ್ ಮುಂದೆ ಹೋದರೆ ಯಾರದೋ ಮನೆ ಅಂಗಳ. ಒಣಗೋಕೆ ಹಾಕಿದ ಬಟ್ಟೆಗೂ ನನ್ನ ಬಂಪರಿಗೂ ಒಂದು ಗೇಣು. ಅಜ್ಜಿಯೊಬ್ಬರು ಹೊರಗೆ ಬಂದು, ಏನೂ ಕೇಳದೆ, ಬಂದ ದಾರಿ ಕಡೆ ಕೈ ತೋರಿಸಿದರು. ಮೊದಲ ಗಿರಾಕಿ ನಾನಲ್ಲ ಅಂತ ಆಗಲೇ ಗೊತ್ತಾಯಿತು. ಆರುನೂರು ಮೀಟರ್ ರಿವರ್ಸ್.

ಈಗ ಹಿಂದಿನ ದಿನವೇ ಉಪಗ್ರಹದ ಚಿತ್ರದಲ್ಲಿ ಇಡೀ ದಾರಿ ನೋಡುತ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ ತೆಗೆದು ನೋಡಿ. 2004ರಲ್ಲಿ ಶುರುವಾದದ್ದು, ಜನರೇ ಸೇರಿ ಬರೆದ ಮ್ಯಾಪ್. ಕಾಲುದಾರಿ, ಗಾಡಿ ದಾರಿ, ಡಾಂಬರು ಬೇರೆ ಬೇರೆ ಗೆರೆಗಳಲ್ಲಿ ಕಾಣುತ್ತವೆ, ಆದರೂ ಬರೆದವನ ಮೇಲೆ ಹೋಗುತ್ತದೆ. ಮ್ಯಾಪನ್ನು ಫೋನಿಗೆ ಇಳಿಸಿಕೊಂಡು ಹೋಗಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ, ಬೇಡ. ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳು ಕಳಿಸೋದನ್ನು ಫೋನ್ ಸುಮ್ನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಇಂಟರ್ನೆಟ್ ಬೇಕಾಗಿರೋದು ಮ್ಯಾಪಿನ ಚಿತ್ರಕ್ಕೆ. ಸಿಗ್ನಲ್ ಇಲ್ಲದ ಕಡೆ ಜಾಗ ಹಿಡಿಯೋಕೆ ಸ್ವಲ್ಪ ಹೊತ್ತು ಜಾಸ್ತಿ ತೆಗೆದುಕೊಳ್ಳಬಹುದು, ಗಾಬರಿಯಾಗಬೇಡಿ. 2000ರ ಮೇ ತನಕ ಅಮೆರಿಕದವರು ಸಾಮಾನ್ಯ ಜನರ ಸಿಗ್ನಲನ್ನು ಬೇಕಂತಲೇ ಕೆಡಿಸಿ ಬಿಡುತ್ತಿದ್ದರು, ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. ಆ ಕಾಲದಲ್ಲಾಗಿದ್ದರೆ ಅಜ್ಜಿ ಅಂಗಳದ ಬದಲು ಬಾವಿಗೇ ಹೋಗುತ್ತಿದ್ದೆನೋ ಏನೋ.

ಗುಂಡಿಗಳ ಗೆಳೆಯ:
ಜಾಗಗಳ ಲೊಕೇಶನ್ ಕೇಳಿದ್ದರಲ್ಲ, ಯಾರೂ ಹಾಕಲೇ ಇಲ್ಲ? ನನ್ನ ಹತ್ತಿರ ಒಂದು ಇಪ್ಪತ್ತು ಇವೆ, ಇವತ್ತು ರಾತ್ರಿ ಹಾಕುತ್ತೇನೆ.

ರಸ್ತೆ ಪಕ್ಕದ ಮನೆ:
ದಯವಿಟ್ಟು ಬೇಡ.

ನಾನು ಇಲ್ಲಿ ಬರೆಯೋದು ಕಡಿಮೆ, ಓದುತ್ತಿರುತ್ತೇನೆ. ನೀವೆಲ್ಲ ಹುಡುಕುವ ಆ "ಯಾರೂ ಇಲ್ಲದ ರಸ್ತೆ" ಇದೆಯಲ್ಲ, ನಮ್ಮ ಮನೆ ಅಂಥದ್ದೊಂದರ ಪಕ್ಕದಲ್ಲಿದೆ. ಯಾರೂ ಇಲ್ಲದೆ ಇಲ್ಲ, ನಾವಿದ್ದೇವೆ. ನಮ್ಮ ಹೊಲದ ಕೆಳಗೆ ಒಂದು ತಿರುವು, ಅಲ್ಲಿಂದ ನೋಡಿದರೆ ಕಣಿವೆ ಪೂರ್ತಿ ಕಾಣುತ್ತದೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಯಾರೋ ಒಬ್ಬರು ಎರಡು ವರ್ಷದ ಹಿಂದೆ ಅದರ ಫೋಟೋ ಲೊಕೇಶನ್ ಸಮೇತ ಹಾಕಿದರು. ಮೊದಲು ತಿಂಗಳಿಗೆ ಒಂದೋ ಎರಡೋ ಕಾರು ನಿಲ್ಲುತ್ತಿತ್ತು, ನಾವೇ ನೀರು ಬೇಕಾ ಅಂತ ಕೇಳುತ್ತಿದ್ದೆವು. ಈಗ ರಜೆ ದಿನ ಬೆಳಿಗ್ಗೆ ಎದ್ದು ನೋಡಿದರೆ ಹನ್ನೆರಡು, ಹದಿನೈದು. ಈಗ ನೀರು ಕೇಳೋದು ಬಿಟ್ಟಿದ್ದೇವೆ.

ಹೋದ ಸುಗ್ಗಿಯ ಒಂದು ದಿನ ಹೇಳುತ್ತೇನೆ. ಮೋಡ ಕಟ್ಟಿಕೊಂಡು ಬರುತ್ತಿತ್ತು. ಕೊಯ್ದದ್ದನ್ನು ಟ್ರಾಕ್ಟರಿಗೆ ತುಂಬಿ ನಮ್ಮ ಯಜಮಾನರು ಹೊಲದಿಂದ ಹೊರಗೆ ತರೋಕೆ ನೋಡಿದರೆ ಹೊಲದ ಬಾಯಿಗೆ ಸರಿಯಾಗಿ ಒಂದು ಕಾರು. ಅವರಿಗೆ ಅದು ಖಾಲಿ ಜಾಗ. ಬಾಗಿಲು ಲಾಕ್, ಜನ ಗುಡ್ಡ ಹತ್ತಿದ್ದಾರೆ. ಕೂಗಿದೆವು, ಹಾರ್ನ್ ಹೊಡೆದೆವು. ನಲವತ್ತು ನಿಮಿಷ ಆದ ಮೇಲೆ ನಗುತ್ತಾ ಇಳಿದು ಬಂದರು, "ಸಾರಿ ಅಂಕಲ್, ಗೊತ್ತಾಗಲಿಲ್ಲ". ಒಳ್ಳೆ ಹುಡುಗರೇ, ಕೆಟ್ಟವರಲ್ಲ. ಆದರೆ ಅಷ್ಟರಲ್ಲಿ ಮಳೆ ಬಂದಾಗಿತ್ತು. ಮೇಲಿನ ಹೊರೆಗಳೆಲ್ಲ ನೆಂದವು.

ಹೊಲದಲ್ಲಿ ಬೆಳೆ ಇಲ್ಲ ಅಂದರೆ ಅದು ಮೈದಾನ ಅಲ್ಲ. ಗೇಟು ತೆರೆದಿದ್ದರೆ ತೆರೆದಿರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಕುರಿ ಕಂಡ ಕೂಡಲೇ ಡ್ರೋನ್ ಹಾರಿಸಬೇಡಿ, ಅವು ಬೆದರಿ ಬೇಲಿಗೆ ನುಗ್ಗುತ್ತವೆ. ನಿಲ್ಲಬೇಕು ಅನ್ನಿಸಿದರೆ ಯಾರಾದರೂ ಕಂಡರೆ ಒಂದು ಮಾತು ಕೇಳಿ, "ಇಲ್ಲಿ ನಿಲ್ಸಬಹುದಾ?" ಅಂತ. ಬೇಡ ಅನ್ನುವವರು ಕಡಿಮೆ. ಇನ್ನೂ ಒಳ್ಳೆ ಜಾಗ ನಾವೇ ತೋರಿಸುತ್ತೇವೆ, ಮ್ಯಾಪಿನಲ್ಲಿ ಇಲ್ಲದ್ದು.

ಗುಂಡಿಗಳ ಗೆಳೆಯ:
ಹಾಕಲ್ಲ ಮೇಡಂ. ಹಳೇದು ಎರಡು ಹಾಕಿದ್ದೆ, ಅದನ್ನೂ ತೆಗೆದೆ.

ಬೆಟ್ಟದ ಬೈಕು:
ಮೇಡಂ ಹೇಳಿದ್ದು ಒಪ್ಪುತ್ತೇನೆ, ಆದರೆ ಎಲ್ಲ ಗುಟ್ಟಾಗಿ ಇಟ್ಟರೆ ಹೊಸಬರಿಗೆ ಗೊತ್ತಾಗೋದು ಹೇಗೆ? ನಮಗೂ ಯಾರೋ ಹೇಳಿದ್ದಕ್ಕೇ ಗೊತ್ತಾಗಿದ್ದು ಅಲ್ವಾ. ಎಲ್ಲರೂ ಬರುವ ವ್ಯೂಪಾಯಿಂಟ್, ಪಾರ್ಕಿಂಗ್ ಇರುವ ಕಡೆ ಹಾಕಲಿ, ತಪ್ಪೇನು?

ದಾರಿ ತಪ್ಪಿದವ:
ಪಾರ್ಕಿಂಗ್ ಇರುವ ಜಾಗ ಹಾಕಿ, ಯಾರು ಬೇಡ ಅಂದರು. ಉಳಿದದ್ದಕ್ಕೆ ಹೇಗೆ ಹುಡುಕೋದು ಅಂತ ಹೇಳಿಕೊಡೋಣ, ಎಲ್ಲಿದೆ ಅಂತ ಬೇಡ. ಹುಡುಕಿ ಹೋದವನು ಸ್ವಲ್ಪ ಮರ್ಯಾದೆಯಿಂದ ನಿಲ್ಲುತ್ತಾನೆ ಅಂತ ನನ್ನ ಅನುಭವ. ಎಲ್ಲರೂ ಅಲ್ಲ.

ಬೆಟ್ಟದ ಬೈಕು:
ಸರಿ. ಇನ್ನೊಂದು ಪ್ರಶ್ನೆ, ತಿರುವಿನಲ್ಲಿ ಹಾರ್ನ್ ಹೊಡೆಯುತ್ತೀರಾ ಇಲ್ವಾ? ನಾನು ಹೊಡೆಯಲ್ಲ. ಸದ್ದಿಲ್ಲದ ಜಾಗಕ್ಕೆ ಹೋಗಿ ಪೀಂ ಪೀಂ ಅನ್ನೋಕೆ ಮನಸ್ಸು ಬರಲ್ಲ.

ಹಳೇಗಾಡಿ:
ಹೊಡೀರಿ ತಮ್ಮಾ. ಆಚೆ ಕಡೆ ಕಾಣದ ತಿರುವು, ಒಂದೇ ಗಾಡಿ ಹಿಡಿಯೋ ರಸ್ತೆ, ಒಂದೇ ಒಂದು ಸಲ, ಚಿಕ್ಕದಾಗಿ. ಹೊಡೆದು ಕಿವಿಗೊಡಿ. ಗಾಜು ಇಳಿಸಿದ್ದರೆ ಆಚೆಯಿಂದ ಉತ್ತರ ಬರುತ್ತದೆ. ಊರೊಳಗೆ ಬೇಡ. ದನದ ಹಿಂದೆ ನಿಂತು ಬೇಡವೇ ಬೇಡ.

ಮತ್ತೆ ಎದುರುಬದುರಾದಾಗ ಯಾರು ಹಿಂದೆ ಹೋಗಬೇಕು ಅನ್ನೋ ಜಗಳ. ಏರು ಹತ್ತುತ್ತಿರುವವನಿಗೆ ದಾರಿ ಬಿಡೋದು ಹಳೇ ಪದ್ಧತಿ, ಅವನು ನಿಂತರೆ ಮತ್ತೆ ಎತ್ತೋದು ಕಷ್ಟ. ಸಮತಟ್ಟಿನಲ್ಲಾದರೆ ಅಗಲದ ಜಾಗ ಯಾರಿಗೆ ಹತ್ತಿರವೋ ಅವರು ಹಿಂದೆ ಹೋಗೋದು. ಹಿಂದೆ ಟ್ರೇಲರ್ ಕಟ್ಟಿಕೊಂಡಿರುವ ಟ್ರಾಕ್ಟರ್ ಎದುರಾದರೆ ಕಾನೂನು ಮಾತಾಡಬೇಡಿ, ನೀವೇ ಹೋಗಿ. ದಾರಿ ಬಿಟ್ಟವರಿಗೆ ಕೈ ಎತ್ತಿ.

ಗ್ರೀಸ್ ಕೈ:
ಗ್ಯಾರೇಜಿನವನು ನಾನು. ಸೀನರಿ ಬಗ್ಗೆ ಎಲ್ಲರೂ ಹೇಳಿದ್ದಾರೆ, ಗಾಡಿ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಅಲ್ಲಿ ಕೆಟ್ಟು ನಿಂತರೆ ಬರುವವರು ಯಾರೂ ಇಲ್ಲ.

ಟೈರ್ ತಣ್ಣಗಿದ್ದಾಗ ಗಾಳಿ ನೋಡಿ. ಓಡಿ ಬಿಸಿಯಾದ ಮೇಲೆ ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ. ಸ್ಟೆಪ್ನಿಗೂ ಗಾಳಿ ಹಾಕಿಸಿ. ಹತ್ತು ಗಾಡಿ ಬಂದರೆ ಆರರಲ್ಲಿ ಸ್ಟೆಪ್ನಿ ಪುಸ್ ಅಂತಿರುತ್ತದೆ. ಹೊಸ ಗಾಡಿಗಳಲ್ಲಿ ಎಷ್ಟೋ ಸಲ ಬರೋದು ಸಣ್ಣ ಸ್ಟೆಪ್ನಿ, ಸಾಮಾನ್ಯವಾಗಿ 80ರ ಮೇಲೆ ಓಡಿಸಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ಕೆಲವಕ್ಕೆ ಸ್ಟೆಪ್ನಿಯೇ ಇಲ್ಲ, ಬರೀ ಒಂದು ಬಾಟಲಿ ಅಂಟು. ಡಿಕ್ಕಿ ತೆಗೆದು ಹೊರಡೋ ಮುಂಚೆ ನೋಡಿ, ಪಂಚರ್ ಆದ ಮೇಲಲ್ಲ.

ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವವರು ಇನ್ನೂ ಇದ್ದಾರೆ. ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು. ಆಟೋಮ್ಯಾಟಿಕ್ ಆದರೆ ಎಲ್ ಅಥವಾ ಮ್ಯಾನುಯಲ್ ಮೋಡ್ ಇರುತ್ತದೆ, ಅದು ಇರೋದೇ ಇದಕ್ಕೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿ ತನಕ ಕುದಿಯಬಾರದು, ನೀರು ಹೀರಿದ ಮೇಲೆ 155 ತಡೆದರೆ ಪಾಸು. ವರ್ಷಗಟ್ಟಲೆ ಬದಲಾಯಿಸದೆ ಉದ್ದದ ಇಳಿಜಾರಿಗೆ ಹೋದರೆ ಅದು ಕುದ್ದು ಗುಳ್ಳೆ ಬರುತ್ತದೆ, ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಅದನ್ನು ಒಂದು ಸಲ ಅನುಭವಿಸಿದವನು ಮತ್ತೆ ಮರೆಯಲ್ಲ.

60ರಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್. ನಾಯಿ ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗೋ ಹೊತ್ತಿಗೆ 25 ಮೀಟರ್ ಮುಗಿದಿರುತ್ತದೆ. ಆಮೇಲೆ ಒಣ ಡಾಂಬರಿನಲ್ಲಿ ನಿಲ್ಲೋಕೆ ಇನ್ನೊಂದು 20. ಮಣ್ಣು ಜಲ್ಲಿ ಉದುರಿದ್ದರೆ ಅದಕ್ಕೂ ಜಾಸ್ತಿ. 40ಕ್ಕೆ ಇಳಿಸಿದರೆ ಬ್ರೇಕಿನ ದೂರ ಅರ್ಧಕ್ಕಿಂತ ಕಡಿಮೆ. ಕಾಣೋ ದೂರದ ಅರ್ಧದಲ್ಲಿ ನಿಲ್ಲೋ ಹಾಗಿರಬೇಕು, ಒಂಟಿ ರಸ್ತೆಯಲ್ಲಿ ಎದುರಿನವನಿಗೂ ಉಳಿದರ್ಧ ಬೇಕಲ್ಲ.

ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ವಾಪಸ್ ಬನ್ನಿ. 30 ಸೆಂಟಿಮೀಟರ್ ಹರಿಯೋ ನೀರು ಸಾಕು, ಎಷ್ಟೋ ಕಾರುಗಳನ್ನು ಎತ್ತಿ ಪಕ್ಕಕ್ಕೆ ಹಾಕುತ್ತದೆ. ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಕೆಂಪು ನೀರಿನಲ್ಲಿ ಕಾಣುವುದೂ ಇಲ್ಲ.

ಕೊನೆಯದಾಗಿ, ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಸೈಲೆನ್ಸರ್ ಪೈಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇದೆ, ಕೆಲಸ ಮಾಡುವಾಗ ಒಳಗೆ ನಾಲ್ಕುನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಹುಲ್ಲು ತಾಗಿದರೆ ಹೊತ್ತಿಕೊಳ್ಳುತ್ತದೆ. ಮೊದಲು ಮೇಡಂ ಅವರ ಹೊಲ, ಆಮೇಲೆ ನಿಮ್ಮ ಕಾರು.

ರಸ್ತೆ ಪಕ್ಕದ ಮನೆ:
ಹುಲ್ಲಿನ ವಿಷಯ ನನಗೇ ಗೊತ್ತಿರಲಿಲ್ಲ. ನಮ್ಮ ಮಾವನವರು ಕಾರು ಯಾವಾಗಲೂ ಬಣವೆ ಪಕ್ಕ ನಿಲ್ಲಿಸೋದು. ಈಗಲೇ ಹೋಗಿ ಹೇಳುತ್ತೇನೆ.

ಬ್ಯಾಟರಿ ಗಾಡಿ:
ಎಲೆಕ್ಟ್ರಿಕ್ ಕಾರಿನವರು ಹಳ್ಳಿ ರಸ್ತೆ ಅಂದರೆ ಹೆದರುತ್ತಾರೆ, ಚಾರ್ಜರ್ ಇಲ್ಲ ಅಂತ. ನನ್ನ ಅನುಭವ ಬೇರೆ. ಗಾಳಿ ಒತ್ತುವ ಬಲ ವೇಗದ ವರ್ಗದಷ್ಟು ಏರುತ್ತದೆ, 50ಕ್ಕೂ 100ಕ್ಕೂ ನಾಲ್ಕು ಪಟ್ಟು. ನಿಧಾನದ ರಸ್ತೆಯಲ್ಲಿ ಹೈವೇಗಿಂತ ಜಾಸ್ತಿ ದೂರ ಬರುತ್ತದೆ, ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ಎಳೆದು ಹಿಡಿದು ಬ್ಯಾಟರಿಗೆ ಸ್ವಲ್ಪ ವಾಪಸ್ಸೂ ತುಂಬುತ್ತದೆ. ಗುಡ್ಡದ ಮೇಲೆ ತಂಗಿದ್ದರೆ ಮಾತ್ರ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬೇಡಿ, ತುಂಬಿದ ಬ್ಯಾಟರಿ ಇನ್ನು ತೆಗೆದುಕೊಳ್ಳುವುದಿಲ್ಲ, ಗಾಡಿ ಎಳೆದು ಹಿಡಿಯೋದು ಕಡಿಮೆಯಾಗುತ್ತದೆ. ಇನ್ನೊಂದು ಲಾಭ, ಸದ್ದಿಲ್ಲ. ಹಕ್ಕಿಗಳು ಹಾರಿಹೋಗಲ್ಲ. ನಷ್ಟವೂ ಅದೇ, ರಸ್ತೆಯಲ್ಲಿ ನಡೆಯುವವರಿಗೆ ನಾವು ಬಂದದ್ದು ಗೊತ್ತಾಗಲ್ಲ.

ಕಿಟಕಿ ಸೀಟು:
ಎಂಜಿನ್ ಇದ್ದವರೂ ಆಫ್ ಮಾಡಿ ಒಂದು ಹತ್ತು ನಿಮಿಷ ಕೂತು ನೋಡಿ. ಮೊದಲು ಬಾನೆಟ್ ಒಳಗಿನ ಟಿಕ್ ಟಿಕ್, ಲೋಹ ತಣ್ಣಗಾಗೋ ಸದ್ದು. ಅದು ನಿಂತ ಮೇಲೆ ಒಂದೊಂದೇ ಬರುತ್ತವೆ. ಜೀರುಂಡೆ, ಎಲ್ಲೋ ಪಂಪ್‌ಸೆಟ್, ಯಾರೋ ಯಾರನ್ನೋ ಕರೆಯೋದು. ಒಂದು ಸಲ ಹಾಗೆ ಕೂತಿದ್ದಾಗ ಬೇಸಿಗೆಯ ಮೊದಲ ಮಳೆ ಹನಿ ಬಿತ್ತು. ಆ ಮಣ್ಣಿನ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರಂತೆ. ಅದರಲ್ಲಿ ಜಿಯೋಸ್ಮಿನ್ ಅನ್ನೋದೊಂದು ಇದೆ, ಮಣ್ಣಿನ ಸೂಕ್ಷ್ಮಜೀವಿಗಳು ಮಾಡೋದು, ತೀರ ತೀರ ಕಡಿಮೆ ಇದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಎಸಿ ಹಾಕಿ ಗಾಜು ಏರಿಸಿದ್ದರೆ ಆ ದಿನ ನನಗೆ ಬರೀ ವೈಪರ್ ಕಾಣುತ್ತಿತ್ತು.

ಗುಂಡಿಗಳ ಗೆಳೆಯ:
ಭಾನುವಾರದ ಡ್ರೈವರ್ ಎಲ್ಲಿ? ಮನೆಯವರು ಒಪ್ಪಿದರಾ?

ಭಾನುವಾರದ ಡ್ರೈವರ್:
ಒಪ್ಪಿದರು, ಷರತ್ತಿನ ಮೇಲೆ. ದಾರಿ ಹೆಂಡತಿ ಹೇಳೋದು, ಎಲ್ಲಿ ನಿಲ್ಲೋದು ಅಂತ ಮಗಳು ಹೇಳೋದು. ನಿನ್ನೆ ಹೋಗಿ ಬಂದೆವು. ಒಟ್ಟು 96 ಕಿಲೋಮೀಟರ್, 9 ಗಂಟೆ. ಅದರಲ್ಲಿ ಗಾಡಿ ಓಡಿದ್ದು ಮೂರೂವರೆ ಗಂಟೆ ಇರಬೇಕು.

ಸೀದಾ ಅದೇ ಕೆರೆಗೆ ಹೋದೆವು. ಬಿಳಿ ಹಕ್ಕಿಗಳು ಇರಲಿಲ್ಲ. ಒಂದೂ ಇಲ್ಲ. ಹೆಂಡತಿ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ. ಏರಿಯ ಕೊನೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವರ ಹತ್ತಿರ ಇಲ್ಲಿ ಗಾಡಿ ನಿಲ್ಲಿಸಬಹುದಾ ಅಂತ ಕೇಳಿದೆ. ನಿಲ್ಲಿಸಿ ಅಂದರು, ಹಕ್ಕಿ ನೋಡೋಕೆ ಬಂದಿರಾ ಅಂದರು, ಅವು ಬಿಸಿಲು ಏರಿದ ಮೇಲೆ ಹಿಂದಿನ ಗದ್ದೆಗೆ ಹೋಗುತ್ತವೆ, ಸಂಜೆ ವಾಪಸ್ ಬರುತ್ತವೆ ಅಂದರು. ಸುತ್ತು ಉಲ್ಟಾ ಮಾಡಿ ಸಂಜೆ ಮತ್ತೆ ಬಂದೆವು. ಎರಡು ಬೆರಳು ಹೊತ್ತಿತ್ತು. ಮೊದಲು ನಾಲ್ಕು ಬಂದವು, ಆಮೇಲೆ ಹನ್ನೊಂದು, ಆಮೇಲೆ ಮಗಳಿಗೆ ಎಣಿಸೋಕಾಗಲಿಲ್ಲ. ನೀರಿನ ಮಧ್ಯೆ ಒಂದು ಒಣ ಮರ ಇದೆ, ಹೋದ ಸಲ ನಾನು ನೋಡೇ ಇರಲಿಲ್ಲ. ಒಂದು ಹಕ್ಕಿ ಕೂರೋಕೆ ಹೋದರೆ ಅಲ್ಲಿದ್ದದ್ದು ರೆಕ್ಕೆ ಬಿಚ್ಚಿ ಬೈಯುತ್ತದೆ, ಇದು ಪಕ್ಕದ ಕೊಂಬೆಗೆ ಹೋಗುತ್ತದೆ, ಅಲ್ಲೂ ಬೈಗುಳ. ಕತ್ತಲಾಗೋ ತನಕ ಅದೇ ಜಗಳ. ಲೊಕೇಶನ್ ಹಾಕಲ್ಲ.

ಕಿಟಕಿ ಸೀಟು:
ವಾಂತಿ?

ಭಾನುವಾರದ ಡ್ರೈವರ್:
ಮಗಳಿಗೆ ಇಲ್ಲ. ವಾಪಸ್ ಬರುವಾಗ ಹೆಂಡತಿ ಓಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ಕೂತು ಹಕ್ಕಿ ಫೋಟೋ ನೋಡುತ್ತಾ ಬಂದೆ, ಮೂರನೇ ತಿರುವಿಗೇ ಗಾಡಿ ನಿಲ್ಲಿಸಬೇಕಾಯಿತು.